‘ಜೀವನಾಂಶ’, ‘ಪೋಷಣೆ’, ‘ನೋಡಿಕೊಳ್ಳುವುದು’: ಹಿರಿಯರ ಕಾಯ್ದೆಗೆ ಯಾವ ಪದ ಸರಿ?

ಗೆಳೆಯರಿಗೆಲ್ಲ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕಾಗಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಆ ಪದ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಗೊತ್ತಾಗದೆ ಉತ್ತರ ಹೇಳುವುದು ನಿಮಗೂ ಕಷ್ಟ.

ನಾವು ನಾಲ್ಕೈದು ಜನ ಸೇರಿ ವಯಸ್ಸಾದವರಿಗೆ ಅರ್ಜಿ ಬರೆದುಕೊಡುತ್ತೇವೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ವಾರಕ್ಕೆ ಎರಡು ದಿನ, ಒಂದು ಮೇಜು, ನಾಲ್ಕು ಕುರ್ಚಿ, ಅಷ್ಟೇ. ಬರುವವರಲ್ಲಿ ಜಾಸ್ತಿ ಜನಕ್ಕೆ ಬೇಕಾಗಿರುವುದು 2007ರ ಕೇಂದ್ರ ಕಾಯ್ದೆಯ ಅರ್ಜಿ. ತಂದೆ ತಾಯಿಯನ್ನೂ 60 ದಾಟಿದವರನ್ನೂ ಮಕ್ಕಳು ನೋಡಿಕೊಳ್ಳಬೇಕು ಅನ್ನುವ ಕಾಯ್ದೆ. ಇದಕ್ಕೆ ಕೋರ್ಟಿಗೆ ಅಲೆಯಬೇಕಿಲ್ಲ. ನಮ್ಮಲ್ಲಿ ಉಪವಿಭಾಗಾಧಿಕಾರಿ, ಅಂದರೆ ಎಲ್ಲರೂ ಎ.ಸಿ. ಅನ್ನುವವರು, ನ್ಯಾಯಮಂಡಳಿಯಾಗಿ ಕೂತು ಕೇಳುತ್ತಾರೆ. ಅಲ್ಲಿ ಆದದ್ದು ಸರಿ ಅನ್ನಿಸದಿದ್ದರೆ ಹಿರಿಯರು ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಹೋದ ತಿಂಗಳು ಒಬ್ಬ ಅಜ್ಜಿ ಬಂದಿದ್ದರು. 70ರ ಮೇಲಿನ ವಯಸ್ಸು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ಮಡಚಿ ಮಡಚಿ ಗೆರೆ ಬಿದ್ದ ದಾನಪತ್ರ. ಇದ್ದ ಒಂದು ಮನೆಯನ್ನು ಮಗನ ಹೆಸರಿಗೆ ಬರೆದುಕೊಟ್ಟಿದ್ದಾರೆ. ಈಗ ಮಗಳ ಮನೆಯಲ್ಲಿದ್ದಾರೆ. ನಾನು ಯಾವಾಗಲೂ ಬರೆಯುವ ಹಾಗೆ ಬರೆದೆ: ‘ನನ್ನ ಮಗನಿಂದ ಮಾಸಿಕ ಜೀವನಾಂಶ ಕೊಡಿಸಿಕೊಡಬೇಕೆಂದು ಕೋರುತ್ತೇನೆ.’ ಬರೆದದ್ದನ್ನು ಅವರಿಗೇ ಓದಿ ಹೇಳುವುದು ನಮ್ಮ ರೂಢಿ. ಓದಿದೆ. ಅಜ್ಜಿ ಮುಖ ಸಿಂಡರಿಸಿದರು.

‘ಜೀವನಾಂಶ ಅಂತ ಯಾಕ್ ಬರ್ದೆ ಮಗ? ನಾನೇನು ಗಂಡನ್ನ ಬಿಟ್ಟು ಬಂದೋಳಾ?’

ಹಾಗಲ್ಲ ಅಜ್ಜಿ, ಕಾನೂನಿನಲ್ಲಿ ಹಾಗೇ ಹೇಳೋದು ಅಂದೆ.

‘ಕಾನೂನಲ್ಲಿ ಏನಾರ ಇರ್ಲಿ. ನನ್ನ ನೋಡ್ಕಳ್ಳಿ ಅಂತ ಬರಿ. ದುಡ್ಡು ಯಾರು ಕೇಳಿದ್ರು?’

ನಾನು ಹಾಗೇ ಬರೆದೆ: ‘ನನ್ನ ಮಗ ನನ್ನನ್ನು ನೋಡಿಕೊಳ್ಳಬೇಕು.’ ಅರ್ಜಿ ತೆಗೆದುಕೊಳ್ಳುವ ಕಡೆ ಒಬ್ಬರು ಆ ಸಾಲಿನ ಕೆಳಗೆ ಗೆರೆ ಎಳೆದು ವಾಪಸ್ ಕೊಟ್ಟರು. ‘ಇದು ಕಾನೂನಿನ ಭಾಷೆ ಅಲ್ಲ, ಜೀವನಾಂಶ ಅಂತ ಬರೆದು ತನ್ನಿ’ ಅಂದರು. ತಿದ್ದಿ ಕೊಟ್ಟೆವು. ಅಜ್ಜಿ ಹೆಬ್ಬೆಟ್ಟು ಒತ್ತುವಾಗ ಏನೂ ಮಾತಾಡಲಿಲ್ಲ. ಅವತ್ತಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಈಗ ನಾವು ನಾಲ್ಕು ಪುಟದ ಒಂದು ಕರಪತ್ರ ಮಾಡುತ್ತಿದ್ದೇವೆ. ಕಾಯ್ದೆಯಲ್ಲಿ ಏನಿದೆ, ಅರ್ಜಿ ಹೇಗೆ ಕೊಡಬೇಕು, ಸಹಾಯವಾಣಿ 14567ಕ್ಕೆ ಫೋನ್ ಮಾಡುವುದು ಹೇಗೆ ಅಂತೆಲ್ಲ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ತಡೆ. ಇಂಗ್ಲಿಷ್ ಕಾಯ್ದೆ ‘ಮೇಂಟೆನೆನ್ಸ್’ ಅನ್ನುತ್ತದೆ, ‘ಕೇರ್’ ಅನ್ನುತ್ತದೆ. ನಮ್ಮ ಕನ್ನಡದಲ್ಲಿ ಏನನ್ನಬೇಕು?

ಕಾಯ್ದೆಯ ಹೆಸರೇ ಕನ್ನಡದಲ್ಲಿ ಒಂದೊಂದು ಕಡೆ ಒಂದೊಂದು ಥರ ಇದೆ. ಒಂದು ಕಡೆ ‘ಪೋಷಕರ ಪೋಷಣೆ’, ಇನ್ನೊಂದು ಕಡೆ ‘ಪಾಲಕರ ನಿರ್ವಹಣೆ’, ಮತ್ತೊಂದು ಕಡೆ ‘ಹಿರಿಯ ನಾಗರಿಕರ ಸಂರಕ್ಷಣೆ’. ಪತ್ರಿಕೆಗಳಲ್ಲಿ ಇವೆಲ್ಲವನ್ನೂ ನೋಡಿದ್ದೇನೆ. ‘ನಿರ್ವಹಣೆ’ಯನ್ನು ನಾನು ಮೊದಲೇ ಬಿಟ್ಟುಬಿಟ್ಟೆ. ರಸ್ತೆ ನಿರ್ವಹಣೆ, ಲಿಫ್ಟ್ ನಿರ್ವಹಣೆ, ಕೆರೆ ನಿರ್ವಹಣೆ ಅನ್ನುತ್ತೇವಲ್ಲ, ಅದೇ ಪದ. ತಾಯಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ.

‘ಪೋಷಣೆ’ ಕೇಳಲು ಚೆನ್ನಾಗಿದೆ. ‘ಪೋಷಕರ ಪೋಷಣೆ’ ಅನ್ನುವುದರಲ್ಲಿ ಒಂದು ನ್ಯಾಯವೂ ಇದೆ. ನಿನ್ನೆ ಪೋಷಿಸಿದವರಿಗೆ ಇವತ್ತು ಪೋಷಣೆ. ಆದರೆ ನಮ್ಮ ಮೇಜಿನ ಹತ್ತಿರ ಬರುವವರಿಗೆ ಆ ಪದ ಹಾಗೆ ಕೇಳಿಸುವುದಿಲ್ಲ. ಅವರು ‘ಪೋಷಣೆ’ ಅನ್ನುವುದನ್ನು ನೋಡಿರುವುದು ಅಂಗನವಾಡಿ ಗೋಡೆಯ ಮೇಲೆ. ಮಗುವಿನ ತೂಕ, ಮೊಟ್ಟೆ, ಕಾಳು, ಅಪೌಷ್ಟಿಕತೆ, ಈ ಕಡೆಗೆ ಪದ ಸರಿದುಬಿಟ್ಟಿದೆ. ಇನ್ನೊಂದು ತೊಡಕು ‘ಪೋಷಕರು’ ಅನ್ನುವುದರಲ್ಲೇ ಇದೆ. ಹಳೇ ಮೈಸೂರಿನ ಕಡೆ ಶಾಲೆಯಿಂದ ‘ಪೋಷಕರ ಸಭೆ’ಗೆ ಕರೆಯುತ್ತಾರೆ, ಧಾರವಾಡದ ಕಡೆ ‘ಪಾಲಕರ ಸಭೆ’ಗೆ. ಎರಡೂ ಕಡೆ ಇವು ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರಿಗೆ ಹೇಳುವ ಮಾತು. 75 ವರ್ಷದ ತಂದೆಗೆ ‘ನೀವು ಪೋಷಕರು’ ಅಂದರೆ ಅವರು ಹಿಂತಿರುಗಿ ಮಗನನ್ನು ನೋಡುತ್ತಾರೆ. ಕರಪತ್ರದಲ್ಲಿ ನಾನು ನೇರವಾಗಿ ‘ತಂದೆ ತಾಯಿ’ ಅಂತಲೇ ಬರೆದಿದ್ದೇನೆ. ಕಾಯ್ದೆಯ ಪ್ರಕಾರ ಮಲತಾಯಿ, ಮಲತಂದೆ, ದತ್ತು ತೆಗೆದುಕೊಂಡವರು ಎಲ್ಲರೂ ಅದರಲ್ಲಿ ಸೇರುತ್ತಾರೆ. ಅವರಿಗೆ 60 ಆಗಿರಲೇಬೇಕು ಅಂತಲೂ ಇಲ್ಲ.

ಇನ್ನು ‘ಜೀವನಾಂಶ’. ಅಜ್ಜಿ ಬೈದರು ಅಂತ ಈ ಪದವನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಅದಕ್ಕೆ ದೊಡ್ಡ ಚರಿತ್ರೆ ಇದೆ. ಜೀವನ ಮತ್ತು ಅಂಶ, ಅಂದರೆ ಬದುಕಿಗೆ ಅಂತ ತೆಗೆದಿಟ್ಟ ಪಾಲು. ಹಿಂದೆ ವಿಧವೆಯಾದ ಸೊಸೆಗೋ ಅತ್ತಿಗೆಗೋ ಆಸ್ತಿಯಲ್ಲಿ ಸರಿಯಾದ ಪಾಲು ಇರಲಿಲ್ಲ. ಊಟ ಬಟ್ಟೆಗೆ ಅಂತ ಒಂದು ತುಂಡು ಗದ್ದೆ ಬಿಡುತ್ತಿದ್ದರು. ಅದು ಜೀವನಾಂಶದ ಗದ್ದೆ. ಉಳುವುದು ಉಣ್ಣುವುದು ಅವಳದು, ಮಾರುವ ಹಕ್ಕು ಅವಳದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಬಂದ ಮೇಲೆ, ಜೀವನಾಂಶಕ್ಕೆ ಬದಲಾಗಿ ಬಂದ ಆಸ್ತಿಯೂ ಹೆಣ್ಣಿನ ಪೂರ್ತಿ ಹಕ್ಕಿನ ಆಸ್ತಿ ಆಯಿತು. 1977ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿಮಾಡಿತು. ಹಾಗಾಗಿ ‘ಜೀವನಾಂಶ’ ಅನ್ನುವುದು ಹಕ್ಕಿನ ಪದ. ಭಿಕ್ಷೆ ಬೇಡುವ ಪದ ಅಲ್ಲ. 1956ರದ್ದೇ ಆದ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಮುದಿ ತಂದೆ ತಾಯಿಯರೂ ಇದ್ದಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ನಿನಲ್ಲೂ ಹೆಂಡತಿ ಮಕ್ಕಳ ಜೊತೆಗೆ ತಂದೆ ತಾಯಿ ಇದ್ದರು. 2024ರ ಜುಲೈನಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ.

ಆದರೂ ಊರಿನ ಬಾಯಲ್ಲಿ ಜೀವನಾಂಶ ಅಂದರೆ ವಿಚ್ಛೇದನ, ಕೋರ್ಟು, ಗಂಡ ಹೆಂಡತಿ. ಧಾರಾವಾಹಿಗಳಲ್ಲೂ ಅದೇ. ಅಜ್ಜಿಯ ಕಿವಿಗೆ ಹಾಗೆ ಕೇಳಿಸಿದ್ದರಲ್ಲಿ ತಪ್ಪೇನಿದೆ? ಮೇಲಾಗಿ ಆ ಪದ ಬರೀ ಹಣದ ಪದ. 2007ರ ಕಾಯ್ದೆಯಲ್ಲಿ ‘ಮೇಂಟೆನೆನ್ಸ್’ ಅಂದರೆ ಊಟ, ಬಟ್ಟೆ, ಇರಲು ಜಾಗ, ವೈದ್ಯರ ಆರೈಕೆ ಮತ್ತು ಚಿಕಿತ್ಸೆ ಅಂತ ಅರ್ಥ ಕೊಟ್ಟಿದ್ದಾರೆ. ಹಿರಿಯರು ಎಲ್ಲರ ಹಾಗೆ ಮಾಮೂಲಿ ಬದುಕು ಬದುಕುವಷ್ಟು ಬೇಕು ಅಂತಲೂ ಹೇಳಿದೆ. ನ್ಯಾಯಮಂಡಳಿ ಕೊಡಿಸುವ ಹಣಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಇದೆ. ಹಣಕ್ಕೆ ‘ಜೀವನಾಂಶ’ ಸರಿ ಹೊಂದುತ್ತದೆ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಲು ಕೈ ಹಿಡಿಯುವವರು ಬೇಕಲ್ಲ, ಅದಕ್ಕೆ ಏನನ್ನೋಣ?

ಜನ ಅದಕ್ಕೆ ಹೇಳುವುದು ಒಂದೇ ಮಾತು: ನೋಡಿಕೊಳ್ಳುವುದು. ‘ಅಮ್ಮನ್ನ ಯಾರು ನೋಡ್ಕೋತಿದಾರೆ?’ ‘ಚೆನ್ನಾಗಿ ನೋಡ್ಕೊಂಡ, ಪುಣ್ಯಾತ್ಮ.’ ‘ನೋಡ್ಕಳೋರು ಯಾರೂ ಇಲ್ಲ.’ ಈ ಪದದ ಕಟ್ಟು ಗಮನಿಸಿ. ನೋಡು ಅನ್ನುವುದಕ್ಕೆ ಕೊಳ್ಳು ಸೇರಿದೆ. ಕೊಳ್ಳು ಸೇರಿದರೆ ಕೆಲಸ ಮಾಡುವವನ ಮೇಲೆ ಬಂದು ನಿಲ್ಲುತ್ತದೆ. ಬರೀ ‘ನೋಡಿದ’ ಅಂದರೆ ಕಣ್ಣಿನ ಕೆಲಸ ಮುಗಿಯಿತು. ‘ನೋಡಿಕೊಂಡ’ ಅಂದರೆ ನೋಡುವ ಭಾರವನ್ನು ತನ್ನ ಮೇಲೆ ಹಾಕಿಕೊಂಡ. ಕಣ್ಣು ಒಬ್ಬರ ಮೇಲೆ ಇದ್ದೇ ಇರಬೇಕು ಅನ್ನುವುದು ಪದದ ಒಳಗೇ ಇದೆ. ಹಳಗನ್ನಡದಲ್ಲೂ ಇದೇ ದಾರಿ. ‘ಆರಯ್’ ಅಂದರೆ ಹುಡುಕಿ ನೋಡು, ಗಮನಿಸು, ವಿಚಾರಿಸು. ಅಲ್ಲಿಂದಲೇ ನಮ್ಮ ‘ಆರೈಕೆ’ ಬಂದದ್ದು. ಎರಡು ಕಾಲದಲ್ಲಿ ಎರಡು ಸಲ ಕನ್ನಡ ನೋಡುವುದರಿಂದಲೇ ಕಾಪಾಡುವುದಕ್ಕೆ ಹೋಗಿದೆ. ಸಂಸ್ಕೃತದಿಂದ ಬಂದ ‘ಶುಶ್ರೂಷೆ’ ಕಿವಿಯಿಂದ ಹೊರಟದ್ದು, ಕೇಳುವ ಆಸೆ ಅನ್ನುವುದು ಅದರ ಮೂಲ. ನಮ್ಮದು ಕಣ್ಣಿನಿಂದ. ನನಗೆ ಇದು ತುಂಬ ಇಷ್ಟವಾದ ವಿಷಯ.

ಹಾಗಾದರೆ ‘ಆರೈಕೆ’ ಅಂತಲೇ ಬರೆಯಬಹುದಲ್ಲ ಅಂತ ಕೇಳಬಹುದು. ಬರೆದು ನೋಡಿದೆ. ನಮ್ಮ ಮೇಜಿನ ಹತ್ತಿರ ಓದಿಯೂ ನೋಡಿದೆ. ಹೆಂಗಸರೆಲ್ಲ ಅದನ್ನು ಬಾಣಂತಿಗೆ, ಇಲ್ಲವೇ ಆಪರೇಷನ್ ಆದವರಿಗೆ ಜೋಡಿಸಿದರು. ಆರೈಕೆಗೆ ಒಂದು ಮುಗಿಯುವ ದಿನ ಇದೆ, ಚೇತರಿಸಿಕೊಳ್ಳುವ ತನಕ. ಮುಪ್ಪಿಗೆ ಚೇತರಿಕೆ ಅಂತ ಇಲ್ಲ. ‘ಸಾಕುವುದು’ ಅಂತ ಹಲವರು ಹೇಳುತ್ತಾರೆ, ‘ಅಪ್ಪ ಅಮ್ಮನ್ನ ಸಾಕ್ತಿದಾನೆ’ ಅಂತ. ಅದನ್ನು ಮಗ ಹೇಳಿದರೆ ಪಕ್ಕದಲ್ಲಿ ಕೂತ ಅಪ್ಪನ ಮುಖ ಸಣ್ಣದಾಗುವುದನ್ನು ನಾನು ಕಂಡಿದ್ದೇನೆ. ಹಸು, ನಾಯಿ, ಮಗು, ಇವನ್ನು ಸಾಕುತ್ತೇವೆ. ತಾನು ಸಾಕಿದವನಿಂದಲೇ ಆ ಮಾತು ಕೇಳುವುದು ಕಷ್ಟ. ಸಾಕಿ ಸಲಹು ಅಂತ ಜೋಡಿಯಾಗಿ ಹೇಳುವ ‘ಸಲಹು’ ಒಳ್ಳೆಯ ಪದವೇ, ಆದರೆ ಈಗ ದೇವರ ಮುಂದೆ ಮಾತ್ರ ಉಳಿದಿದೆ. ಉತ್ತರ ಕರ್ನಾಟಕದ ‘ಜ್ವಾಪಾನ’, ನಮ್ಮ ಕಡೆ ‘ಜೋಪಾನ’ ಅನ್ನುವುದು, ಇದರಲ್ಲಿ ಕಾಳಜಿ, ಕಾವಲು ಎರಡೂ ಇವೆ. ಅದನ್ನು ಇನ್ನೂ ಪಟ್ಟಿಯಿಂದ ತೆಗೆದಿಲ್ಲ. ಕರಾವಳಿ, ಮಲೆನಾಡಿನ ಕೆಲವು ಮನೆಗಳಲ್ಲಿ ‘ಅತ್ತೆಯ ಚಾಕರಿ ಮಾಡಿದಳು’ ಅನ್ನುತ್ತಾರೆ. ಆ ಮಾತು ಕೆಲಸ ಎಷ್ಟು ಅಂತ ಪ್ರಾಮಾಣಿಕವಾಗಿ ಹೇಳುತ್ತದೆ. ಯಾರು ಮಾಡಿದರು ಅನ್ನುವುದನ್ನೂ ಹೇಳುತ್ತದೆ. 2007ರ ಕಾಯ್ದೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಅಂತ ಎಣಿಸುತ್ತದೆ. ಚಾಕರಿ ಮಾಡುವ ಸೊಸೆಯ ಹೆಸರು ಆ ಎಣಿಕೆಯಲ್ಲಿ ಇಲ್ಲ. 2019ರಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆಯಲ್ಲಿ ಸೊಸೆ, ಅಳಿಯ ಇಬ್ಬರೂ ಇದ್ದರು. ಅದು ಕಾಯ್ದೆ ಆಗಲಿಲ್ಲ.

ಈಗ ನಿಜವಾದ ಗಂಟಿಗೆ ಬರುತ್ತೇನೆ. ‘ನೋಡಿಕೊಳ್ಳುವುದು’ ಆಡುಮಾತು, ಅದು ಕಾನೂನಿನ ಪದ ಅಲ್ಲ ಅನ್ನುವವರಿಗೆ ನಾನು ಆ ಅಜ್ಜಿಯ ದಾನಪತ್ರವನ್ನೇ ತೋರಿಸಬೇಕು. ಅದರಲ್ಲಿ ಆ ಪದ ಇದೆ! ನಮ್ಮ ಪತ್ರ ಬರಹಗಾರರು ಇದನ್ನು ಬರೆಯುತ್ತಲೇ ಇದ್ದಾರೆ. ಅಜ್ಜಿಯ ಪತ್ರದ ಸಾಲು ಹೀಗಿತ್ತು: ‘...ನೀನು ನನ್ನ ಮಗನಾಗಿದ್ದು ನನ್ನನ್ನು ಪ್ರೀತಿ ವಿಶ್ವಾಸದಿಂದ ಚೆನ್ನಾಗಿ ನೋಡಿಕೊಳ್ಳುತ್ತಿರುವುದರಿಂದ...’

ಆ ಪದದ ಕೊನೆಯನ್ನು ಮತ್ತೊಮ್ಮೆ ಓದಿ. ನೋಡಿಕೊಳ್ಳುತ್ತಿರುವುದರಿಂದ. ಇದು ಕಾರಣ. ಷರತ್ತು ಅಲ್ಲ.

ಕಾಯ್ದೆಯ 23ನೇ ಸೆಕ್ಷನ್ ಏನು ಹೇಳುತ್ತದೆ ಅಂದರೆ, ಕಾಯ್ದೆ ಬಂದ ಮೇಲೆ ಹಿರಿಯರೊಬ್ಬರು ದಾನವಾಗಿಯೋ ಬೇರೆ ರೀತಿಯಲ್ಲೋ ಆಸ್ತಿ ಕೊಟ್ಟು, ತಮ್ಮ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು ಹಾಕಿದ್ದರೆ, ಪಡೆದವನು ಅದನ್ನು ಮಾಡದೇ ಹೋದರೆ, ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇರಬೇಕು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಪ್ರೀತಿಯಿಂದ ಕೊಟ್ಟೆ ಅಂದಷ್ಟಕ್ಕೆ ಷರತ್ತು ಇತ್ತು ಅಂತ ಆಗುವುದಿಲ್ಲ ಅಂತ. 2025ರ ಜನವರಿಯಲ್ಲಿ ಅದೇ ಕೋರ್ಟು ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ, ಇದು ಹಿರಿಯರ ಒಳಿತಿಗೆ ಇರುವ ಕಾಯ್ದೆ, ಉದಾರವಾಗಿ ಓದಬೇಕು ಅಂದಿತು. ಅಲ್ಲಿ ದಾನಪತ್ರದ ಜೊತೆಗೆ ಮಗ ಬರೆದ ಒಂದು ವಚನಪತ್ರವೂ ಇತ್ತು. ಎರಡನ್ನೂ ಜೊತೆಗಿಟ್ಟು ಓದಿ ತಾಯಿಗೆ ಆಸ್ತಿ ವಾಪಸ್ ಕೊಡಿಸಿತು.

ಅಂದರೆ ಒಂದು ಮನೆ ಯಾರ ಕೈಗೆ ಅನ್ನುವುದು ಕನ್ನಡದ ಒಂದು ಪ್ರತ್ಯಯದ ಮೇಲೆ ನಿಂತಿರಬಹುದು. ನಮ್ಮ ಹತ್ತಿರ ಬಂದ ದಾನಪತ್ರಗಳಲ್ಲಿ ನಾನು ಕಂಡ ರೂಪಗಳು ಇವು. ‘ನೋಡಿಕೊಂಡು ಬಂದಿರುವುದರಿಂದ’ ಅಂದರೆ ಆಗಿಹೋದ ಮಾತು, ಇನಾಮು ಕೊಟ್ಟ ಹಾಗೆ. ‘ನೋಡಿಕೊಳ್ಳುತ್ತೀಯೆಂಬ ನಂಬಿಕೆಯಿಂದ’ ಅಂದರೆ ಅಮ್ಮನ ಮನಸ್ಸಿನಲ್ಲಿ ಇದ್ದದ್ದು, ಮಗನ ಮೇಲೆ ಅದು ಬೀಳುವುದಿಲ್ಲ ಅಂತ ವಾದ ಮಾಡುವವರು ಇದ್ದಾರೆ. ‘ನೋಡಿಕೊಳ್ಳತಕ್ಕದ್ದು’ ಅಂದರೆ ಮಾತ್ರ ಮಗನ ಮೇಲೆ ಭಾರ ಬಂತು. ‘ನೋಡಿಕೊಳ್ಳದಿದ್ದಲ್ಲಿ ಈ ದಾನಪತ್ರವು ರದ್ದಾಗತಕ್ಕದ್ದು’ ಅಂತ ಇನ್ನೊಂದು ಸಾಲು ಇದ್ದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಈ ಕೊನೆಯದನ್ನು ನಾನು ಕಂಡದ್ದು ಎರಡೇ ಎರಡು ಪತ್ರಗಳಲ್ಲಿ. ಒಂದನ್ನು ಬರೆಸಿದವರು ನಿವೃತ್ತ ಮೇಷ್ಟ್ರು. ‘ತಕ್ಕದ್ದು’ ಅನ್ನುವುದನ್ನು ನಾವು ಸರ್ಕಾರಿ ಕನ್ನಡ ಅಂತ ದೂರುತ್ತೇವೆ. ಇಲ್ಲಿ ಅದು ಮುದುಕರ ತಲೆ ಮೇಲಿನ ಸೂರು.

ಅದಕ್ಕೇ ನನಗೆ ಕ್ರಿಯಾಪದವನ್ನು ಬಿಟ್ಟು ನಾಮಪದ ಹಿಡಿಯಲು ಹೆದರಿಕೆ. ಪೋಷಣೆ, ಪಾಲನೆ, ಆರೈಕೆ, ಇವೆಲ್ಲ ತಾವೇ ನಿಂತುಬಿಡುತ್ತವೆ. ಯಾರು ಮಾಡಬೇಕು ಅಂತ ಹೇಳುವುದಿಲ್ಲ. ‘ಪೋಷಣೆ ಆಗತಕ್ಕದ್ದು’ ಅಂತ ಬರೆದರೆ ವಾಕ್ಯ ಸರಿಯಾಗಿದೆ, ಮಗ ಮಾತ್ರ ಅದರಲ್ಲಿ ಇಲ್ಲ. ‘ನೋಡಿಕೊಳ್ಳತಕ್ಕದ್ದು’ ಅಂದ ಕೂಡಲೇ ‘ಯಾರು?’ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ, ಅಲ್ವಾ?

ಈ ಪದಕ್ಕೆ ಒಂದು ತೊಂದರೆ ಇದೆ. ಅದನ್ನು ಮುಚ್ಚಿಡಬಾರದು. ‘ನಿನ್ನ ನೋಡ್ಕೋತೀನಿ’ ಅನ್ನುವುದು ಬೆದರಿಕೆಯೂ ಹೌದು. ‘ವಿಚಾರಿಸ್ಕೋತೀನಿ’ ಕೂಡ ಹಾಗೇ. ಆ ಅಜ್ಜಿ ಹೇಳಿದ್ದು ನೆನಪಿದೆ: ‘ಪತ್ರ ಆಗೋ ದಿನಾನೂ ನೋಡ್ಕೋತೀನಿ ಅಂದ. ಮನೆ ಬಿಡಿಸೋ ದಿನಾನೂ ನೋಡ್ಕೋತೀನಿ ಅಂದ.’ ಕಾನೂನು ಬರೆಯುವವರು ಎರಡರ್ಥ ಇರುವ ಪದಕ್ಕೆ ಅಂಜುವುದು ಸಹಜ. ಆದರೆ ದಾನಪತ್ರದಲ್ಲಿ ಅದನ್ನು ಬೆದರಿಕೆ ಅಂತ ಯಾರು ಓದುತ್ತಾರೆ? ಸಂದರ್ಭ ಅರ್ಥವನ್ನು ಕಾಯುತ್ತದೆ.

ಅದೇ ಕಾಯ್ದೆಯ 24ನೇ ಸೆಕ್ಷನ್ನಿಗೆ ಬಂದಾಗ ನನಗೆ ಈ ಕಷ್ಟ ಆಗಲಿಲ್ಲ. ನೋಡಿಕೊಳ್ಳಬೇಕಾದವನು ಹಿರಿಯರನ್ನು ಎಲ್ಲಾದರೂ ಪೂರ್ತಿ ತೊರೆದುಬಿಡುವ ಉದ್ದೇಶದಿಂದ ಬಿಟ್ಟುಹೋದರೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದಕ್ಕೆ ‘ಪರಿತ್ಯಜಿಸು’ ಅಂತ ಬರೆಯುವವರಿದ್ದಾರೆ. ‘ಕೈಬಿಡು’ ಇರುವಾಗ ಅದು ಯಾಕೆ? ಬಸ್ ಸ್ಟ್ಯಾಂಡಿನಲ್ಲಿ ‘ಇಲ್ಲೇ ಕೂತಿರಮ್ಮ, ಟಿಕೆಟ್ ತರ್ತೀನಿ’ ಅಂತ ಹೋದವನು ಬಿಟ್ಟದ್ದು ಕೈಯನ್ನೇ.

ಇದೇ ಸಾಲಿನ ಇನ್ನೆರಡು ಪದಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಮಕ್ಕಳ ಕಾಯ್ದೆಯಲ್ಲಿ, ಅಂದರೆ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ, ಇದೇ ‘ಕೇರ್’ ಅನ್ನುವುದಕ್ಕೆ ‘ಪಾಲನೆ’ ನಿಂತಿದೆ, ‘ಪಾಲನೆ ಮತ್ತು ರಕ್ಷಣೆ’ ಅಂತ. ಮಗುವಿಗೆ ಅದು ಒಪ್ಪುತ್ತದೆ. ಹಿರಿಯರಿಗೆ ಹಾಕಿದರೆ ಆದೇಶ ಪಾಲನೆ, ನಿಯಮ ಪಾಲನೆ ಕಿವಿಗೆ ಬಡಿಯುತ್ತದೆ. ಇನ್ನೊಂದು, ಈ ಕಾಯ್ದೆಗಳೆಲ್ಲ ಯಾರಿಗಾಗಿ ಇವೆಯೋ ಅವರನ್ನು ಒಟ್ಟಾಗಿ ಏನನ್ನಬೇಕು? ‘ದುರ್ಬಲರು’ ಅಂದರೆ ಶಕ್ತಿ ಇಲ್ಲದವರು ಅಂತ ಆಯಿತು. ‘ಅಸಹಾಯಕರು’ ಅಂದರೆ ಅಯ್ಯೋ ಪಾಪ ಅನ್ನುವ ದನಿ. ನಮ್ಮ ಕಡೆ ‘ಕೈಲಾಗದವರು’ ಅನ್ನುತ್ತಾರೆ. ಅವರ ಮನಸ್ಸಿಗೆ, ಬುದ್ಧಿಗೆ, ಮರ್ಯಾದೆಗೆ ಏನೂ ಆಗಿಲ್ಲ, ಕೈಯಲ್ಲಿ ಆಗುತ್ತಿಲ್ಲ ಅಷ್ಟೇ. ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲಿ ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ’ ಅಂತ ಇದೆ. ಆ ‘ವಿಕಲಚೇತನ’ದ ಬಗ್ಗೆ ನನಗೆ ತಕರಾರಿದೆ. ವಿಕಲವಾದದ್ದು ಚೇತನ ಅಲ್ಲವಲ್ಲ. ಅದನ್ನು ಬೇರೆಯಾಗಿ ಚರ್ಚಿಸೋಣ.

ಭಾಷೆಯ ವಿಷಯಕ್ಕೆ ನಾನು ಇಷ್ಟು ಜಗ್ಗಾಡುವುದಕ್ಕೆ ಇನ್ನೂ ಒಂದು ಕಾರಣ ಇದೆ. 2007ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಈ ನ್ಯಾಯಮಂಡಳಿಯಲ್ಲಿ ವಕೀಲರು ಇರಬಾರದು. ಕೆಲವು ಹೈಕೋರ್ಟ್‌ಗಳು ವಕೀಲರಿಗೂ ಅವಕಾಶ ಕೊಡಬೇಕು ಅಂದಿವೆ, ಅದು ಬೇರೆ ಮಾತು. ಬರೆದವರ ಉದ್ದೇಶ ಏನಿತ್ತು? ಮುದುಕಿ ತಾನೇ ಬಂದು ತನ್ನ ಮಾತಿನಲ್ಲಿ ಹೇಳಿಕೊಳ್ಳಲಿ, 90 ದಿನದಲ್ಲಿ ಮುಗಿಯಲಿ, ತೀರ ಬೇಕಾದರೆ ಇನ್ನು 30 ದಿನ ಅಂತ. ತನ್ನ ಮಾತಿನಲ್ಲಿ ಹೇಳಲಿ ಅಂತ ಮಾಡಿದ ಜಾಗದಲ್ಲೇ ಅವಳ ಮಾತಿಗೆ ಗೆರೆ ಎಳೆಯಬಾರದು.

ಸದ್ಯಕ್ಕೆ ಕರಪತ್ರದಲ್ಲಿ ನಾನು ಹೀಗೆ ಮಾಡಿದ್ದೇನೆ. ಹಣಕ್ಕೆ ‘ತಿಂಗಳ ಜೀವನಾಂಶ’. ‘ಮಾಸಾಶನ’ ಅಂತಲೂ ಯೋಚಿಸಿದೆ. ತಿಂಗಳ ಅನ್ನ ಅಂತ ಅದರ ಅರ್ಥ, ತುಂಬ ಚೆಂದ. ಆದರೆ ಜನ ಅದನ್ನು ಸರ್ಕಾರ ಕೊಡುವ ಹಣ ಅಂತ ತಿಳಿದಿದ್ದಾರೆ. ಉಳಿದ ಎಲ್ಲ ಕಡೆ ‘ನೋಡಿಕೊಳ್ಳುವುದು’, ‘ನೋಡಿಕೊಳ್ಳಬೇಕು’. ದಾನಪತ್ರ ಬರೆಸುವವರಿಗೆ ಒಂದು ಚೌಕಟ್ಟಿನಲ್ಲಿ ‘ನೋಡಿಕೊಳ್ಳತಕ್ಕದ್ದು’ ಅನ್ನುವ ಮಾದರಿ ಸಾಲು.

ಒಂದು ಕಡೆ ಮಾತ್ರ ನನಗೆ ನಾಮಪದ ಬೇಕೇ ಬೇಕು. ಮೂರನೇ ಪುಟದ ತಲೆಬರಹಕ್ಕೆ. ‘ನೋಡಿಕೊಳ್ಳುವಿಕೆ’ ನಾಲಿಗೆಗೆ ಭಾರ. ಇಲ್ಲಿ ನನಗೆ ಹೊಳೆದದ್ದು ‘ಬಾಣಂತನ’. ಆ ಒಂದು ಪದ ಅಂದರೆ ಸಾಕು, ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಬಿಸಿ ಅನ್ನ, ಮೆಣಸಿನ ಸಾರು, ಯಾರು ಮಾಡಬೇಕು, ಎಷ್ಟು ತಿಂಗಳು, ಎಲ್ಲ ಒಟ್ಟಿಗೆ ಬರುತ್ತವೆ. ‘ಮಗಳಿಗೆ ಬಾಣಂತನ ಮಾಡಿದೆ’ ಅಂತ ತಾಯಿ ಹೆಮ್ಮೆಯಿಂದ ಹೇಳುತ್ತಾಳೆ. ಆ ತಾಯಿಗೆ ಮುಪ್ಪು ಬಂದಾಗ ಮಗಳೋ ಮಗನೋ ಸೊಸೆಯೋ ಮಾಡುವ ಅಷ್ಟೇ ದೊಡ್ಡ ಕೆಲಸಕ್ಕೆ ಅಂಥ ಒಂದು ಹೆಸರು ನನಗೆ ಗೊತ್ತಿರುವ ಕನ್ನಡದಲ್ಲಿ ಸಿಕ್ಕಿಲ್ಲ.

ನಿಮ್ಮ ಊರಲ್ಲಿ ಇದೆಯಾ? ಕುಂದಾಪುರ, ಬೀದರ್, ಕೊಳ್ಳೇಗಾಲ, ಶಿರಸಿ, ಎಲ್ಲಿಯದಾದರೂ ಸರಿ. ಅಜ್ಜಿ ಅಥವಾ ಅತ್ತೆಯ ಬಾಯಲ್ಲಿ ಕೇಳಿದ ಪದ ಇದ್ದರೆ, ಅವರು ಹೇಳುತ್ತಿದ್ದ ಪೂರ್ತಿ ವಾಕ್ಯದ ಸಮೇತ ಬರೆಯಿರಿ. ಮನೆಯಲ್ಲಿ ಹಳೆಯ ದಾನಪತ್ರ, ವಿಭಾಗಪತ್ರ ಇರುವವರು ‘ನೋಡಿಕೊಳ್ಳು’ ಅಥವಾ ‘ಜೀವನಾಂಶ’ ಬರುವ ಸಾಲನ್ನು ಮಾತ್ರ, ಹೆಸರು ಸರ್ವೆ ನಂಬರ್ ಬಿಟ್ಟು, ಬರೆದು ಕಳಿಸಿದರೆ ತುಂಬ ಉಪಕಾರವಾಗುತ್ತದೆ. ಕರಪತ್ರ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ. ಮೂರನೇ ಪುಟದ ತಲೆಯಲ್ಲಿ ಒಂದು ಸಾಲಿನ ಜಾಗ ಖಾಲಿ ಬಿಟ್ಟುಕೊಂಡಿದ್ದೇನೆ.